ಈಗ ಓದ್ತಿರೋದು

ಕಾರಂತರ ಮರಳಿ ಮಣ್ಣಿಗೆ ಎರಡನೇ ಸಲ ಹಿಡ್ಕೊಂಡಿದೀನಿ. ಮೊದಲ ಸಲ ಓದಿದಾಗ ಇದು ಮೊಮ್ಮಗ ರಾಮನ ಕಥೆ ಅಂತಲೇ ಅನ್ಸಿತ್ತು, ಆದ್ರೆ ಈ ಸಲ ಪಾರೋತಿ ಮತ್ತೆ ಸರಸೋತಿ ಇವರಿಬ್ಬರ ಹತ್ರಾನೇ ಮನಸ್ಸು ನಿಂತುಬಿಟ್ಟಿದೆ, ಮೂರು ತಲೆಮಾರಿನ ಕಥೆ ನಿಜ ಆದ್ರೆ ಆ ಮನೆಯ ಭಾರ ಹೊತ್ತಿದ್ದು ಹೆಂಗಸರೇ ಅಲ್ವಾ ಅಂತ ಪುಟಪುಟಕ್ಕೂ ಅನ್ಸ್ತಿದೆ. ಅದೇ ಪುಸ್ತಕ, ಅದೇ ಸಾಲುಗಳು, ಓದೋ ನಾನು ಮಾತ್ರ ಬೇರೆ ಆಗಿದೀನೇನೋ.

ದಪ್ಪ ಪುಸ್ತಕ ಅಂದ್ರೆ ಭಯ ಅನ್ನೋರು ತೇಜಸ್ವಿಯವರ ಕರ್ವಾಲೋ ಇಂದ ಶುರು ಮಾಡಿ. 1980ರ ಕಾದಂಬರಿ, ಹಾರುವ ಓತಿ ಹುಡುಕ್ಕೊಂಡು ಕಾಡಿಗೆ ಹೋಗೋ ಕಥೆ, ಮಂದಣ್ಣನ್ನ ಒಂದ್ಸಲ ಪರಿಚಯ ಮಾಡ್ಕೊಂಡ್ರೆ ಬಿಡೋಕಾಗಲ್ಲ. ಒಂದೇ ಕೂತಲ್ಲಿ ಮುಗಿಯೋದು ಬೇಕು ಅಂದ್ರೆ ವಿವೇಕ ಶಾನಭಾಗರ ಘಾಚರ್ ಘೋಚರ್, ಚಿಕ್ಕದು, ಆದ್ರೆ ದುಡ್ಡು ಬಂದ್ಮೇಲೆ ಒಂದು ಮನೆ ಒಳಗೊಳಗೇ ಹೇಗೆ ಬದಲಾಗತ್ತೆ ಅನ್ನೋದು ಓದಿ ಎಷ್ಟೋ ದಿನ ತಲೇಲಿ ಇರತ್ತೆ.

ಮಲೆಗಳಲ್ಲಿ ಮದುಮಗಳು ಮಾತ್ರ ಅವಸರದಲ್ಲಿ ಓದ್ಬೇಡಿ ಪ್ಲೀಸ್. ಮೊದಲ ನೂರು ಪುಟ ಯಾರು ಯಾರು ಅಂತ ಗೊತ್ತಾಗದೇ ಇದ್ರೂ ಪರವಾಗಿಲ್ಲ, ಗುತ್ತಿ ಮತ್ತೆ ಅವನ ನಾಯಿ ಹುಲಿಯನ ಹಿಂದೆ ಸುಮ್ನೆ ನಡೀತಾ ಹೋಗಿ, ದಾರಿ ಅದೇ ತೋರ್ಸತ್ತೆ.

ನೀವೆಲ್ಲ ಈಗ ಏನು ಓದ್ತಿದೀರಾ? ಹೇಳಿ, ಮುಂದಿನದು ಅದನ್ನೇ ತಗೋತೀನಿ.