ಯುಪಿಎಸ್ ಕೋಣೆಯ ಪಕ್ಕದ ಸೀಟು

"ಮೇಡಂ, ನನಗೀಗ ಮೂರು ತಿಂಗಳು. ನನ್ನ ಸೀಟು ಯುಪಿಎಸ್ ರೂಮಿನ ಗೋಡೆಗೆ ಅಂಟಿಕೊಂಡೇ ಇದೆ, ತಲೆಯ ಮೇಲೆ ವೈಫೈ, ಎದುರಿಗೆ ಎರಡು ಮಾನಿಟರ್. ಮಗುವಿಗೇನಾದರೂ ಆಗುತ್ತದೆಯೇ?" ಬೆಂಗಳೂರಿನ ಕಚೇರಿ, ಕಾರ್ಖಾನೆಗಳ ನೌಕರರ ಆರೋಗ್ಯ ನೋಡಿಕೊಳ್ಳುವ ವೈದ್ಯೆಯಾದ ನನಗೆ ವೈಟ್‌ಫೀಲ್ಡಿನಲ್ಲಿ, ಪೀಣ್ಯದಲ್ಲಿ, ಎಲೆಕ್ಟ್ರಾನಿಕ್ ಸಿಟಿಯಲ್ಲಿ ಮತ್ತೆಮತ್ತೆ ಎದುರಾಗುವ ಪ್ರಶ್ನೆ ಇದು. ಅಂಥ ಸೀಟಿನಿಂದ ಗರ್ಭಕ್ಕೆ ಹಾನಿಯಾಗುತ್ತದೆಂದು ಹೇಳಲು ನಂಬುವಂಥ ಆಧಾರವಿಲ್ಲ ಎಂಬುದು ನನ್ನ ಉತ್ತರ. ಬಸುರಿಯರು ಹೋಗಲೇಬಾರದೆಂದು ನಾನು ಹೇಳುವ ಜಾಗಗಳು ಬೇರೆ ಇವೆ.

ಈ ಭಯ ಹೊಸದಲ್ಲ. 1980ರ ಸುಮಾರಿಗೆ ಕೆನಡಾದ ಟೊರೊಂಟೊದ ಪತ್ರಿಕಾ ಕಚೇರಿಯೊಂದರಲ್ಲಿ ಕಂಪ್ಯೂಟರ್ ಪರದೆಯ ಮುಂದೆ ಕೆಲಸ ಮಾಡುತ್ತಿದ್ದ ನಾಲ್ವರಿಗೆ ಹುಟ್ಟಿದ ಮಕ್ಕಳಲ್ಲಿ ಜನ್ಮದೋಷ ಕಂಡಾಗ, ಆ ದಪ್ಪ ಗಾಜಿನ ಪರದೆಗಳ ಮೇಲೆ ಜಗತ್ತಿನ ಅನುಮಾನವೆಲ್ಲ ಬಿತ್ತು. ಅಮೆರಿಕದ ಔದ್ಯೋಗಿಕ ಆರೋಗ್ಯ ಸಂಸ್ಥೆಯ ತಜ್ಞರು ಇದನ್ನು ಪರೀಕ್ಷಿಸಲು ಹೆಚ್ಚುಕಡಿಮೆ ಒಂದೇ ಬಗೆಯ ಕೆಲಸ ಮಾಡುವ ಟೆಲಿಫೋನ್ ಆಪರೇಟರುಗಳ ಎರಡು ಗುಂಪುಗಳನ್ನು ಆಯ್ದುಕೊಂಡರು. ಒಂದು ಗುಂಪಿನ ಮುಂದೆ ಅಂಥ ಪರದೆಯಿತ್ತು, ಇನ್ನೊಂದರ ಮುಂದೆ ಇರಲಿಲ್ಲ. 1991ರಲ್ಲಿ ಪ್ರಕಟವಾದ ಫಲಿತಾಂಶದ ಪ್ರಕಾರ ಪರದೆಯಿದ್ದವರಲ್ಲಿ ಗರ್ಭಪಾತವಾದದ್ದು ಶೇ 14.8, ಇಲ್ಲದವರಲ್ಲಿ ಶೇ 15.9. ಈ ಎರಡೂ ಅಂಕಿಗಳನ್ನು ಕೇಳಿ ಹಲವರು ಬೆಚ್ಚುತ್ತಾರೆ. ಆದರೆ ಖಚಿತಗೊಂಡ ಗರ್ಭಗಳಲ್ಲಿ ನೂರಕ್ಕೆ ಹತ್ತರಿಂದ ಇಪ್ಪತ್ತು ತಾವಾಗಿಯೇ ಇಳಿದುಹೋಗುತ್ತವೆ, ಅವುಗಳಲ್ಲಿ ಸುಮಾರು ಅರ್ಧಕ್ಕೆ ವರ್ಣತಂತುಗಳ ದೋಷವೇ ಕಾರಣ. ಹಾಗಾಗಿ ದೊಡ್ಡ ಕಚೇರಿಯ ಒಂದೇ ಮಹಡಿಯಲ್ಲಿ ಒಂದೇ ವರ್ಷ ಮೂವರಿಗೆ ಹೀಗಾದರೆ ಅದು ದುಃಖದ ಸಂಗತಿಯೇ ಹೊರತು ಗೋಡೆಯಾಚೆಗಿನ ಯಂತ್ರದ ವಿರುದ್ಧ ಸಾಕ್ಷಿಯಲ್ಲ.

ವಿರುದ್ಧ ದಿಕ್ಕಿನ ಸಾಕ್ಷ್ಯವನ್ನು ಮುಚ್ಚಿಡುವುದು ಸರಿಯಲ್ಲ. ವಿದ್ಯುತ್ ಹರಿಯುವಲ್ಲೆಲ್ಲ ಕಾಂತಕ್ಷೇತ್ರ ಹುಟ್ಟುತ್ತದೆ, ಅನುಮಾನ ಇರುವುದು ಅದರ ಮೇಲೆಯೇ. 1992ರ ಫಿನ್ಲೆಂಡಿನ ಅಧ್ಯಯನವೊಂದು ಅದನ್ನು ಹೆಚ್ಚು ಸೂಸುವ ಹಳೆಯ ಪರದೆಗಳನ್ನು ಬಳಸಿದವರಲ್ಲಿ ಗರ್ಭಪಾತ ಹೆಚ್ಚೆಂದಿತು. ಆ ಪರದೆಗಳು ಈಗ ಗುಜರಿ ಸೇರಿವೆ. 2002ರಲ್ಲಿ ಪ್ರಕಟವಾದ ಇನ್ನೊಂದು ಅಧ್ಯಯನಕ್ಕಾಗಿ ಸ್ಯಾನ್ ಫ್ರಾನ್ಸಿಸ್ಕೊದ 969 ಗರ್ಭಿಣಿಯರು ಒಂದು ದಿನವಿಡೀ ಕಾಂತಕ್ಷೇತ್ರದ ಮಾಪಕ ಧರಿಸಿದಾಗ, ದಿನದ ಗರಿಷ್ಠ ಮಟ್ಟ 1.6 ಮೈಕ್ರೋಟೆಸ್ಲಾ (ಕಾಂತಕ್ಷೇತ್ರದ ಬಲ ಅಳೆಯುವ ಮಾನ) ಮುಟ್ಟಿದವರಲ್ಲಿ ಗರ್ಭಪಾತ ಹೆಚ್ಚಿತ್ತು. ಇದಕ್ಕೆ ಬಂದ ಆಕ್ಷೇಪ ನನಗೆ ತೂಕದ್ದಾಗಿ ಕಾಣುತ್ತದೆ. ಗರ್ಭ ಚೆನ್ನಾಗಿ ನಿಂತವರಿಗೆ ಸಾಮಾನ್ಯವಾಗಿ ವಾಕರಿಕೆ ಹೆಚ್ಚು, ಓಡಾಟ ಕಡಿಮೆ. ಓಡಾಟ ಕಡಿಮೆಯಾದರೆ ವಿದ್ಯುತ್ ಉಪಕರಣಗಳ ಹತ್ತಿರ ಹಾದುಹೋಗುವುದೂ ಕಡಿಮೆ, ಮಾಪಕದ ಗರಿಷ್ಠ ಅಂಕಿಯೂ ಕಡಿಮೆ. ಎಂದರೆ ಅಂಕಿ ಗರ್ಭವನ್ನು ಕೆಡಿಸುವ ಬದಲು, ಗರ್ಭದ ಸ್ಥಿತಿಯೇ ಅಂಕಿಯನ್ನು ಬದಲಿಸಿರಬಹುದು. ವಿಶ್ವ ಆರೋಗ್ಯ ಸಂಸ್ಥೆ 2007ರಲ್ಲಿ ಎಲ್ಲವನ್ನೂ ತೂಗಿ, ಸಂತಾನದ ಮೇಲಿನ ಪರಿಣಾಮಕ್ಕೆ ಪುರಾವೆ ಸಾಲದು ಎಂದಿತು.

ಯುಪಿಎಸ್ ಗೋಡೆಗೆ ನಾನು ಮೀಟರ್ ಹಿಡಿದಾಗ ಕೆಲವು ಮೈಕ್ರೋಟೆಸ್ಲಾ ತೋರಿಸಿದ್ದುಂಟು, ನಾಲ್ಕು ಹೆಜ್ಜೆ ಹಿಂದೆ ಸರಿದರೆ ಅದು ಒಂದಕ್ಕಿಂತ ಕೆಳಗಿಳಿಯುತ್ತದೆ. ನಮ್ಮ ಮನೆ, ಕಚೇರಿಗಳಿಗೆ ಬರುವ 50 ಹರ್ಟ್ಸ್ ವಿದ್ಯುತ್ತಿಗೆ ಇಂಥ ಕ್ಷೇತ್ರ, ತರಂಗಗಳ ಸುರಕ್ಷತಾ ಮಿತಿ ಸೂಚಿಸುವ ಅಂತರರಾಷ್ಟ್ರೀಯ ಆಯೋಗ (ಐಸಿಎನ್‌ಐಆರ್‌ಪಿ) 2010ರಲ್ಲಿ ಸಾರ್ವಜನಿಕರಿಗೆ ಗೊತ್ತುಪಡಿಸಿದ ಮಿತಿ 200 ಮೈಕ್ರೋಟೆಸ್ಲಾ. ಗಾರ್ಮೆಂಟ್ಸ್ ಹೆಣ್ಣುಮಕ್ಕಳು ಯಾರೂ ಈ ಪ್ರಶ್ನೆ ಕೇಳುವುದಿಲ್ಲ, ಆದರೆ ಹಳೆಯ ಹೊಲಿಗೆ ಯಂತ್ರಗಳ ಕ್ಲಚ್ ಮೋಟಾರು ಹೊಲಿಯದಿರುವಾಗಲೂ ಮೊಣಕಾಲಿನ ಬಳಿ ಸುತ್ತುತ್ತಲೇ ಇರುತ್ತದೆ. ಕಚೇರಿಯವರಿಗಿಂತ ಅವರ ಮೈಗೆ ತಗಲುವ ಕ್ಷೇತ್ರವೇ ಹೆಚ್ಚು. ಪೆಡಲ್ ಒತ್ತಿದಾಗ ಮಾತ್ರ ತಿರುಗುವ ಸರ್ವೋ ಮೋಟಾರು ವಿದ್ಯುತ್ ಬಿಲ್ಲಿನ ದೃಷ್ಟಿಯಿಂದಲೂ ಲಾಭವೇ. ಇನ್ನು ವಿಕಿರಣ ತಡೆಯುತ್ತದೆಂದು ಮಾರುವ ಬೆಳ್ಳಿದಾರದ ಏಪ್ರನ್: 50 ಹರ್ಟ್ಸ್ ಕಾಂತಕ್ಷೇತ್ರ ಆ ತೆಳು ಬಟ್ಟೆಯನ್ನು ಲೆಕ್ಕಕ್ಕೇ ಇಟ್ಟುಕೊಳ್ಳದು, ದುಡ್ಡು ದಂಡ.

ಬಸುರಿಯರು ದೂರವಿರಬೇಕೆಂದು ನಾನು ಹೇಳುವ ಜಾಗಗಳು ಇವು. ಬಸುರಿಯಾದ ಎಂಆರ್‌ಐ ತಂತ್ರಜ್ಞೆಯರು ಸ್ಕ್ಯಾನ್ ನಡೆಯುವಾಗ ಆ ಕೋಣೆಯಲ್ಲಿ ನಿಲ್ಲಬಾರದು. ಫಿಸಿಯೋಥೆರಪಿಯಲ್ಲಿ ತರಂಗಗಳಿಂದ ಮೈಯೊಳಗೆ ಶಾಖ ಕೊಡುವ ಡೈಥರ್ಮಿ ಯಂತ್ರ ಚಾಲೂ ಮಾಡಿದ ಮೇಲೆ ದೂರ ಸರಿಯಬೇಕು. ಪ್ಲಾಸ್ಟಿಕ್ ಬೆಸೆಯುವ ರೇಡಿಯೋ ತರಂಗದ ಯಂತ್ರ, ಇಂಡಕ್ಷನ್ ಕುಲುಮೆ, ಸ್ಪಾಟ್ ವೆಲ್ಡಿಂಗ್ ಇವುಗಳಿಂದ ಬಸುರಿಯರನ್ನು ಬೇರೆ ಕೆಲಸಕ್ಕೆ ಹಾಕಿಸುತ್ತೇನೆ. ರೇಡಿಯೋ ತರಂಗಗಳ ವಿಷಯದಲ್ಲಿ ಅದೇ ಆಯೋಗ 2020ರಲ್ಲಿ, ತಾಯಿ ಕಾರ್ಮಿಕಳಾಗಿದ್ದರೂ ಹೊಟ್ಟೆಯಲ್ಲಿರುವ ಭ್ರೂಣವನ್ನು ಕಾರ್ಮಿಕರ ಸಡಿಲ ಮಿತಿಗೆ ಒಳಪಡಿಸದೆ ಸಾರ್ವಜನಿಕರ ಬಿಗಿ ಮಿತಿಯಲ್ಲೇ ಇಡಬೇಕೆಂದು ಹೇಳಿದೆ. ನ್ಯಾಯವಾದ ಮಾತು.

ಇಷ್ಟು ಹೇಳಿದ ಮೇಲೆ ನಾನು ಕೇಳುವ ಮರುಪ್ರಶ್ನೆ, "ನಿಮ್ಮ ಪಾಳಿ ಯಾವುದು?" ಡೆನ್ಮಾರ್ಕಿನಲ್ಲಿ ಇಪ್ಪತ್ತೆರಡು ಸಾವಿರಕ್ಕೂ ಹೆಚ್ಚು ಗರ್ಭಿಣಿಯರ ಹಾಜರಿ ದಾಖಲೆ ನೋಡಿದ 2019ರ ಅಧ್ಯಯನದಲ್ಲಿ, ಎಂಟನೇ ವಾರದ ನಂತರ ಒಂದು ವಾರದಲ್ಲಿ ಎರಡು ಅಥವಾ ಹೆಚ್ಚು ರಾತ್ರಿ ಪಾಳಿ ಮಾಡಿದವರಿಗೆ ಮುಂದಿನ ವಾರದ ಗರ್ಭಪಾತದ ಅಪಾಯ ಶೇ 32ರಷ್ಟು ಹೆಚ್ಚಿತ್ತು. ಮೇಲೆ ಹೇಳಿದ ಹುಡುಗಿ ಅಮೆರಿಕದ ಹೊತ್ತಿಗೆ ಸರಿಯಾಗಿ ಸಂಜೆ ಏಳಕ್ಕೆ ಕ್ಯಾಬ್ ಹತ್ತಿ ಬೆಳಗಿನ ಜಾವ ಮನೆ ಸೇರುತ್ತಿದ್ದಳು. ಪಾಳಿ ಬದಲಿಸಿ ಎಂದು ಮೊದಲ ಸಾಲಿನಲ್ಲೂ, ಮನಸ್ಸಿನ ನೆಮ್ಮದಿಗಾಗಿ ಸೀಟು ಸ್ವಲ್ಪ ಸರಿಸಿ ಎಂದು ಎರಡನೆಯದರಲ್ಲೂ ಚೀಟಿ ಬರೆದುಕೊಟ್ಟೆ. ಸೀಟು ಮರುದಿನವೇ ಬದಲಾಯಿತು. ಪಾಳಿ ಬದಲಾಗಲು ಮೂರು ವಾರ ಹಿಡಿಯಿತು.