ಮನೆ ಮಾಲೀಕರಿಗೊಂದು ಪತ್ರ: ಕೆಲಸ ಎಲ್ಲಿಗೆ ಬಂತು

ಆಷಾಢ

ಈ ತಿಂಗಳು ಹಾಸನದಲ್ಲಿ ಮನೆ ವ್ಯವಹಾರದ ಮಾತು ಎತ್ತುವವರು ಕಡಿಮೆ. ನಮ್ಮಂಥ ಏಜೆಂಟರಿಗೆ ಬಿಡುವು. ಮಾಲೀಕರಿಗೆ ಕಳುಹಿಸುವ ಸಂದೇಶವನ್ನು ಹೊಸದಾಗಿ ಬರೆಯಲು ಕುಳಿತಿದ್ದೇನೆ. ‘ಪಾರ್ಟಿ ರೆಡಿ ಇದೆ, ಒಳ್ಳೆಯ ರೇಟು ಕೊಡಿಸುತ್ತೇವೆ’ ಎಂಬ ಹಳೆಯ ಸಾಲು ಬೇಡ. ಆ ಪಾರ್ಟಿ ಇಲ್ಲವೆಂಬುದು ಬರೆದವನಿಗೂ ಗೊತ್ತು, ಓದುವವರಿಗೂ ಗೊತ್ತು. ಸಾಮೂಹಿಕ ಎಸ್‌ಎಂಎಸ್ ಕೂಡ ಬೇಡ. ಸ್ವಂತ ಮೊಬೈಲ್ ನಂಬರಿನಿಂದ ಜಾಹೀರಾತು ಕಳುಹಿಸಲು ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರದ (ಟ್ರಾಯ್) ನಿಯಮ ಒಪ್ಪುವುದಿಲ್ಲ. ದೂರು ಕೊಡುವ ನಂಬರು 1909ಕ್ಕೆ ಯಾರಾದರೂ ಹೇಳಿದರೆ ನಂಬರಿಗೇ ಸಂಚಕಾರ.

ಶ್ರಾವಣ

ವಿದ್ಯಾನಗರ, ಕುವೆಂಪುನಗರದ ಎಷ್ಟೋ ಮನೆಗಳಲ್ಲಿ ಇರುವವರು ನಿವೃತ್ತ ದಂಪತಿ. ಮಾರುವ ತೀರ್ಮಾನ ಮಾತ್ರ ಬೆಂಗಳೂರಿನಲ್ಲಿರುವ ಮಗನದೋ ಮಗಳದೋ. ಹಾಗಾಗಿ ಪತ್ರ ಒಂದೇ ಹಾಳೆಯಲ್ಲಿ, ದಪ್ಪ ಅಕ್ಷರದಲ್ಲಿ. ತಾಯಿ ಫೋಟೊ ತೆಗೆದು ವಾಟ್ಸ್‌ಆ್ಯಪ್‌ನಲ್ಲಿ ಕಳುಹಿಸಿದರೆ ಮಗನಿಗೂ ಓದಲು ಬರಬೇಕು. ಈಗಿನ ಕರಡು ಹೀಗಿದೆ:

‘ಮಾನ್ಯರೇ, ಮನೆ ಮಾರುತ್ತೀರಾ ಎಂದು ಕೇಳಲು ಬರೆಯುತ್ತಿಲ್ಲ. 2024ರ ಅಕ್ಟೋಬರ್‌ನಿಂದ ಆಸ್ತಿ ನೋಂದಣಿಗೆ ಇ-ಖಾತೆ (ಸ್ಥಳೀಯ ಸಂಸ್ಥೆ ಕೊಡುವ ಆಸ್ತಿಯ ಡಿಜಿಟಲ್ ದಾಖಲೆ) ಕಡ್ಡಾಯ. ನಿಮ್ಮದು ಇನ್ನೂ ಆಗಿಲ್ಲದಿದ್ದರೆ ಬೇಕಾಗುವ ಕಾಗದಗಳ ಪಟ್ಟಿ ಹಿಂಬದಿಯಲ್ಲಿದೆ. ಮುಂದೆ ಮಾರುವ ಯೋಚನೆ ಬಂದರೆ ನನ್ನನ್ನು ನೆನಪಿಸಿಕೊಳ್ಳಿ.’

ಹಿಂಬದಿಯಲ್ಲಿ ಕ್ರಯಪತ್ರ, ಋಣಭಾರ ಪತ್ರ, ತೆರಿಗೆ ರಸೀದಿ, ಗುರುತಿನ ಚೀಟಿ, ಮನೆಯ ಫೋಟೊ, ಅಷ್ಟೇ. ಬೆಲೆ ಬರೆದಿಲ್ಲ. ಬರೆದರೆ ಆ ಅಂಕಿ ಸಂಜೆಯೊಳಗೆ ಇಡೀ ಬೀದಿ ಸುತ್ತಿ ಬರುತ್ತದೆ, ಬರುವಾಗ ಬೆಳೆದಿರುತ್ತದೆ.

ಭಾದ್ರಪದ

ಪತ್ರ ತಲುಪಿದ ಮನೆಗಳಿಂದ ಗೌರಿ ಹಬ್ಬದ ನಂತರ ಕರೆಗಳು ಬರತೊಡಗಿವೆ. ಸಾಲಗಾಮೆ ರಸ್ತೆ ಕಡೆಯ ನಿವೃತ್ತ ಶಿಕ್ಷಕಿಯೊಬ್ಬರದು ಮಾರಾಟದ ವಿಷಯವೇ ಅಲ್ಲ. ಖಾತೆ ಇನ್ನೂ ತೀರಿಹೋದ ಯಜಮಾನರ ಹೆಸರಿನಲ್ಲಿದೆ. ‘ಮಗ ಆಮೇಲೆ ನೋಡೋಣ ಅನ್ನುತ್ತಾನೆ, ನೀವೇ ಹೇಳಿಪ್ಪಾ’ ಎಂದರು. ಮರಣ ಪ್ರಮಾಣಪತ್ರ, ವಂಶವೃಕ್ಷ ಮೊದಲು ತೆಗೆಸಿಡಿ ಎಂದೆ. ವಾರದೊಳಗೆ ಆ ಮಗನೇ ಫೋನ್ ಮಾಡಿ ತೆರಿಗೆಯ ಬಗ್ಗೆ ವಿಚಾರಿಸಿದರು!

ಆದ್ದರಿಂದ ಮಕ್ಕಳಿಗೆಂದೇ ಒಂದು ಸಾಲು ಸೇರಿಸಿದೆ: 2024ರ ಜುಲೈ 23ಕ್ಕೆ ಮೊದಲು ಕೊಂಡ ಮನೆಯಾದರೆ ಮಾರಿದಾಗ ಬರುವ ಲಾಭದ ಮೇಲೆ ಶೇ 12.5 ತೆರಿಗೆ, ಇಲ್ಲವೇ ಹಣದುಬ್ಬರ ಲೆಕ್ಕ ಹಿಡಿದು ಶೇ 20, ಯಾವುದು ಕಡಿಮೆಯೋ ಅದು. ಮಾಲೀಕರು ವಿದೇಶದಲ್ಲಿ ನೆಲೆಸಿದ್ದರೆ ಈ ಆಯ್ಕೆ ಇಲ್ಲ. ಉಳಿದದ್ದು ಲೆಕ್ಕಪರಿಶೋಧಕರ ಕೆಲಸ; ನಾನು ಮೂಗು ತೂರಿಸುವುದಿಲ್ಲ.

ಪಿತೃಪಕ್ಷದಲ್ಲಿ ಪತ್ರ ಹಂಚುವುದಿಲ್ಲ. ವಿಜಯದಶಮಿ ಕಳೆದ ಮೇಲೆ ಹೇಮಾವತಿ ನಗರದಿಂದ ಮತ್ತೆ ಶುರು. ಅಷ್ಟರೊಳಗೆ ಫೋನ್ ನಂಬರನ್ನು ಇನ್ನಷ್ಟು ದೊಡ್ಡದಾಗಿ ಅಚ್ಚು ಹಾಕಿಸಬೇಕು.