ಬುಧವಾರದ ಸಿನೆವು ಸಂತೆ

ಮಯೋರ್ಕಾ ಅಂದ್ರೆ ಎಲ್ಲರಿಗೂ ನೆನಪಾಗುವುದು ಬೀಚು. ಆದರೆ ಸ್ಪೇನಿನ ಈ ದ್ವೀಪದ ನಟ್ಟನಡುವೆ, ಕಡಲಿನಿಂದ ದೂರ, ಸಿನೆವು ಅಂತ ಒಂದು ಊರಿದೆ. ಅಲ್ಲಿ ಬುಧವಾರ ಬುಧವಾರ ಸಂತೆ. ಮಯೋರ್ಕಾದ ಜನ ಹೇಗೆ ಬದುಕುತ್ತಾರೆ ಅಂತ ನೋಡಬೇಕಾದರೆ ಇಲ್ಲಿಗೇ ಬರಬೇಕು.

ದ್ವೀಪದ ರಾಜಧಾನಿ ಪಾಲ್ಮಾದಿಂದ ಮನಕೋರ್ ಕಡೆ ಹೋಗುವ ರೈಲು ಹತ್ತಿದರೆ ಇಂಕಾ ಅನ್ನುವ ಊರು ದಾಟಿದ ಮೇಲೆ ಸಿನೆವು ಸಿಗುತ್ತದೆ. ಒಂದು ಗಂಟೆಯೂ ಬೇಡ. ದಾರಿಯುದ್ದಕ್ಕೂ ಬಾದಾಮಿ ತೋಟ, ಕಲ್ಲು ಪೇರಿಸಿದ ಗೋಡೆ, ಅಲ್ಲಲ್ಲಿ ಹಳೇ ಗಾಳಿಯಂತ್ರ. ನಿಲ್ದಾಣದಲ್ಲಿ ಇಳಿದು ಬುಟ್ಟಿ ಹಿಡಿದವರ ಹಿಂದೆ ನಡೆದರೆ ಸಾಕು, ಸಂತೆಗೆ ಹೋಗಿ ಮುಟ್ಟುತ್ತೀರಿ.

ಈ ಸಂತೆಗೆ ಮಯೋರ್ಕಾದ ರಾಜ ಎರಡನೇ ಜೌಮೆ ಅಪ್ಪಣೆ ಕೊಟ್ಟದ್ದು 1306ರಲ್ಲಿ. ಈಗಲೂ ಇಲ್ಲಿ ದನಕರು ವ್ಯಾಪಾರ ಉಳಿದಿದೆ, ಅದೇ ಇದರ ಹೆಚ್ಚುಗಾರಿಕೆ. ನಾನು ಮೊದಲು ಹೋದದ್ದು ಆ ಕಡೆಗೇ. ಕುರಿ, ಆಡು, ಕತ್ತೆ, ಪಂಜರದಲ್ಲಿ ಕೋಳಿ, ಮೊಲ. ಟೋಪಿ ಹಾಕಿದ ಅಜ್ಜನೊಬ್ಬ ಕುರಿಯ ಬಾಯಿ ಬಿಡಿಸಿ ಹಲ್ಲು ನೋಡಿದ, ಬೆನ್ನಿನ ಮೇಲೆ ಕೈ ಒತ್ತಿ ಸವರಿದ, ಆಮೇಲೆ ಮಾರುವವನ ಜತೆ ಸುಮಾರು ಹೊತ್ತು ಮಯೋರ್ಕಾದ ಕತಲಾನ್ ಮಾತಿನಲ್ಲಿ ಏನೇನೋ ಚರ್ಚೆ ಮಾಡಿದ. ನನಗೆ ಒಂದು ಪದವೂ ಅರ್ಥವಾಗಲಿಲ್ಲ, ಆದರೆ ರೇಟಿನ ಮಾತು ಅಂತ ಗೊತ್ತಾಗಲು ಭಾಷೆ ಯಾಕೆ ಬೇಕು, ಅಲ್ವಾ? ಬಿಸಿಲು ಏರಿದಂತೆ ಪ್ರವಾಸಿ ಬಸ್ಸುಗಳು ಬಂದು ಗಲ್ಲಿಗಳೆಲ್ಲ ತುಂಬಿಬಿಡುತ್ತವೆ, ಅದಕ್ಕೇ ಬೆಳಗ್ಗೆ ಬೇಗ ಹೋಗಿ.

ಮೇಲೆ ಚರ್ಚಿನ ಸುತ್ತ ತರಕಾರಿ, ಹಣ್ಣು, ಬಟ್ಟೆ, ಚರ್ಮದ ಸಾಮಾನು. ನನ್ನನ್ನು ಹಿಡಿದು ನಿಲ್ಲಿಸಿದ್ದು ದಾರಕ್ಕೆ ಪೋಣಿಸಿದ ಟೊಮೆಟೊ. ಪುಟ್ಟ ಪುಟ್ಟ ಹಣ್ಣು, ಹೂವಿನ ಮಾಲೆಯ ಹಾಗೆ ಒತ್ತೊತ್ತಾಗಿ ತೂಗುತ್ತಿತ್ತು. ರಾಮೆಯೆಟ್ ಅನ್ನುವ ಈ ತಳಿಯನ್ನು ಬೇಸಿಗೆಯಲ್ಲಿ ಕೊಯ್ದು ಹೀಗೆ ನೇತುಹಾಕಿದರೆ ಚಳಿಗಾಲದವರೆಗೂ ಕೆಡುವುದಿಲ್ಲ. ಅಂಗಡಿಯ ಹೆಂಗಸು ಒಂದನ್ನು ಅಡ್ಡಕ್ಕೆ ಕೊಯ್ದು, ಉಪ್ಪಿಲ್ಲದ ಕಂದು ಬ್ರೆಡ್ಡಿನ ಮೇಲೆ ಸಿಪ್ಪೆ ಮಾತ್ರ ಉಳಿಯುವ ತನಕ ತಿಕ್ಕಿ, ಆಲಿವ್ ಎಣ್ಣೆ ಸುರಿದು, ಚಿಟಿಕೆ ಉಪ್ಪು ಉದುರಿಸಿ ಕೈಗಿಟ್ಟರು. ಇದೇ ಪಾಂಬೋಲಿ, ಇಲ್ಲಿಯವರ ದಿನನಿತ್ಯದ ತಿಂಡಿ. ಎಷ್ಟು ರುಚಿ ಅಂದ್ರೆ, ಮತ್ತೊಂದು ಕೇಳಿ ತಿಂದೆ.

ಸಸ್ಯಾಹಾರಿಗಳಿಗೆ ಒಂದು ಮಾತು. ಸುರುಳಿ ಸುತ್ತಿ ಮೇಲೆ ಸಕ್ಕರೆ ಪುಡಿ ಉದುರಿಸಿದ ಎನ್ಸೈಮಾದಾ ನೋಡಿದರೆ ಬಾಯಲ್ಲಿ ನೀರೂರುತ್ತದೆ, ಆದರೆ ಅದಕ್ಕೆ ಹಾಕುವುದು ಹಂದಿ ಕೊಬ್ಬು. ಕೆಂಪಗೆ ತೂಗುವ ಸೊಬ್ರಸಾದಾ ಹಂದಿ ಮಾಂಸಕ್ಕೆ ಮೆಣಸಿನ ಪುಡಿ ಕಲಸಿ ಮಾಡುವ ಸಾಸೇಜು. ನಾನು ಮಧ್ಯಾಹ್ನ ಒಂದು ಸೆಯೇರಿಗೆ ಹೋದೆ, ಅಂದರೆ ಹಳೇ ವೈನ್ ನೆಲಮಾಳಿಗೆ. ಈಗ ಇಂಥವೇ ಹೋಟೆಲುಗಳಾಗಿವೆ, ಗೋಡೆಗೆ ಆನಿಸಿ ಆನೆ ಗಾತ್ರದ ಪೀಪಾಯಿಗಳು. ಅಲ್ಲಿ ತುಂಬೆಟ್ ಕೇಳಿ. ಆಲೂಗಡ್ಡೆ, ಬದನೆಕಾಯಿ, ದಪ್ಪ ಮೆಣಸಿನಕಾಯಿ ಎಣ್ಣೆಯಲ್ಲಿ ಕರಿದು, ಒಂದರ ಮೇಲೊಂದು ಹರಡಿ, ಟೊಮೆಟೊ ಗೊಜ್ಜು ಹಾಕಿರುತ್ತಾರೆ. ಬದನೆಕಾಯಿ ಬಾಯಲ್ಲಿಟ್ಟರೆ ಕರಗುತ್ತಿತ್ತು.

ಮನೆಗೆ ಏನಾದರೂ ಒಯ್ಯಬೇಕಾದರೆ ಸಿಯುರೆಲ್ ಕೊಳ್ಳಿ. ಮಣ್ಣಿನ ಪುಟ್ಟ ಗೊಂಬೆ, ಬಿಳಿ ಬಳಿದು ಮೇಲೆ ಕೆಂಪು, ಹಸಿರು ಗೀಟು, ಬುಡದಲ್ಲಿ ಪೀಪಿ. ನಾನು ಕುದುರೆ ಸವಾರನನ್ನು ಆರಿಸಿ, ಅಲ್ಲೇ ಊದಿ ನೋಡಿ ತಗೊಂಡೆ. ತಾಳೆಜಾತಿಯ ಗರಿಯ ಬುಟ್ಟಿಯೂ ಚೆನ್ನಾಗಿರುತ್ತದೆ, ಆದರೆ ಎಲ್ಲವೂ ದ್ವೀಪದಲ್ಲಿ ಹೆಣೆದದ್ದಲ್ಲ, ಕೇಳಿ ಕೊಳ್ಳಿ.

ಮಧ್ಯಾಹ್ನ ಒಂದೂವರೆ ಆಗುವಷ್ಟರಲ್ಲಿ ಅಂಗಡಿಯವರು ಗಂಟುಮೂಟೆ ಕಟ್ಟುತ್ತಾರೆ. ಬುಧವಾರ ಆಗದಿದ್ದರೆ ಗುರುವಾರ ಇದೇ ರೈಲಿನಲ್ಲಿ ಇಂಕಾಗೆ ಹೋಗಬಹುದು, ಅದು ಚಪ್ಪಲಿ, ಬೂಟಿಗೆ ಹೆಸರಾದ ಊರು. ನವೆಂಬರಿನಲ್ಲಿ ಅಲ್ಲಿ ನಡೆಯುವ ದಿಜೌಸ್ ಬೊ ದ್ವೀಪಕ್ಕೇ ದೊಡ್ಡ ಜಾತ್ರೆ. ಮುಂದಿನ ಸಲ ನಾನು ಟಿಕೆಟ್ ಮಾಡಿಸುವುದು ಆ ತಿಂಗಳಿಗೇ.